ಪಾಸ್ ಔಟ್ ಆದವರು

ಬೆಂಗಳೂರಿನ ನೇಮಕಾತಿ ಜಾಹೀರಾತುಗಳಲ್ಲಿ ‘ಈ ವರ್ಷದ ಪಾಸ್‌ಔಟ್‌ಗಳಿಗೆ ಮಾತ್ರ’ ಎಂಬ ಸಾಲು ಮಾಮೂಲು. ನಮ್ಮ ಹುಡುಗರ ಬಯೋಡೇಟಾದಲ್ಲೂ ಅದೇ ಮಾತು: ‘ಐ ಪಾಸ್ಡ್ ಔಟ್ ಇನ್ 2019’. ಅಮೆರಿಕದವನೊಬ್ಬ ಇದನ್ನು ಓದಿದರೆ, ಪಾಪ, 2019ರಲ್ಲಿ ಇವನಿಗೆ ಪ್ರಜ್ಞೆ ತಪ್ಪಿತ್ತು ಎಂದುಕೊಂಡಾನು. ಅಲ್ಲಿ ಪಾಸ್ ಔಟ್ ಎಂದರೆ ಮೂರ್ಛೆ ಹೋಗುವುದು, ಇಲ್ಲವೇ ಕುಡಿದು ಎಚ್ಚರ ತಪ್ಪಿ ಬೀಳುವುದು. ಅಷ್ಟಕ್ಕೇ ನಮ್ಮದು ತಪ್ಪು ಇಂಗ್ಲಿಷ್ ಎಂದು ನಗುವವರು ನಮ್ಮಲ್ಲೇ ಇದ್ದಾರೆ.

ನಗುವವರು ಡೆಹ್ರಾಡೂನಿನ ಕಡೆ ಒಮ್ಮೆ ನೋಡಬೇಕು. ಬ್ರಿಟಿಷ್ ಸೇನೆಯ ಇಂಗ್ಲಿಷಿನಲ್ಲಿ ತರಬೇತಿ ಮುಗಿಸಿ ಹೊರಬರುವುದಕ್ಕೆ ಇಂದಿಗೂ ಪಾಸ್ ಔಟ್ ಎಂದೇ ಹೆಸರು. ಡೆಹ್ರಾಡೂನಿನಲ್ಲಿ 1932ರಲ್ಲಿ ಶುರುವಾದ ಇಂಡಿಯನ್ ಮಿಲಿಟರಿ ಅಕಾಡೆಮಿಯ ಮೊದಲ ತಂಡ 1934ರ ಡಿಸೆಂಬರ್‌ನಲ್ಲಿ ಪಾಸ್ ಔಟ್ ಆಯಿತು; ಫೀಲ್ಡ್ ಮಾರ್ಷಲ್ ಸ್ಯಾಮ್ ಮಾಣೆಕ್‌ಷಾ ಆ ತಂಡದವರು. ಇಂದಿಗೂ ಅಲ್ಲಿನ ಕೆಡೆಟ್‌ಗಳು ಪರೇಡ್ ಮುಗಿಸಿ, ಚೆಟ್‌ವುಡ್ ಕಟ್ಟಡದ ಮೆಟ್ಟಿಲೇರಿ, ‘ಅಂತಿಮ ಪಗ್’ ಎಂಬ ಕೊನೆಯ ಹೆಜ್ಜೆ ದಾಟಿದರೆ ಅಧಿಕಾರಿಗಳು. ಪೊಲೀಸ್ ತರಬೇತಿ ಶಾಲೆಗಳ ಪಾಸಿಂಗ್ ಔಟ್ ಪರೇಡನ್ನು ನಮ್ಮ ಪತ್ರಿಕೆಗಳು ‘ನಿರ್ಗಮನ ಪಥಸಂಚಲನ’ ಎಂದು ಬರೆಯುತ್ತವೆ. ಪರೇಡ್ ಮೈದಾನದಲ್ಲಿ ಸರಿಯಾದದ್ದು ಕಾಲೇಜಿನಲ್ಲಿ ತಪ್ಪಾಗುವುದು ಹೇಗೆ?

ಇಂಥ ಕ್ರಿಯಾಪದಗಳ ಕಾಟ ಹೊಸದೇನಲ್ಲ. ಕ್ರಿಯಾಪದಕ್ಕೆ ಪುಟ್ಟ ಅವ್ಯಯವೊಂದು ಅಂಟಿ ಅರ್ಥವೇ ಬದಲಾಗುವುದರಿಂದ ಪರದೇಶದವರಿಗೆ ಇಂಗ್ಲಿಷ್ ಕಷ್ಟವಾಗುತ್ತದೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಹೇಳಿದ್ದ. ‘ಈ ಸಲ ಮಳೆ ಕೈಕೊಟ್ಟಿತು’ ಎನ್ನುವ ನಮಗೆ ಈ ಚಮತ್ಕಾರ ಅಪರಿಚಿತವಲ್ಲ. ಕೈಯನ್ನೂ ಕೊಡುವುದನ್ನೂ ಕೂಡಿಸಿದರೆ ಮೋಸ ಎಲ್ಲಿಂದ ಬರಬೇಕು?

ಅರ್ಥ ಹೇಳುವುದು ಅಕ್ಕಪಕ್ಕದ ಪದಗಳು. ‘ಪಾಸ್ ಔಟ್ ದ ಪೇಪರ್ಸ್’ ಎಂದರೆ ಪ್ರಶ್ನೆಪತ್ರಿಕೆ ಹಂಚುವುದು. ಆಗ ನಡುವೆ ಸರ್ವನಾಮ ತಂದು ‘ಪಾಸ್ ದೆಮ್ ಔಟ್’ ಎನ್ನಬಹುದು. ನಂತರ ಅಕಾಡೆಮಿಯ ಹೆಸರಿದ್ದರೆ ತರಬೇತಿ ಮುಗಿಯಿತೆಂದೇ ಲೆಕ್ಕ. ಯಾವುದೂ ಇಲ್ಲದೆ ಒಂಟಿಯಾಗಿ ಬಂದಾಗಲೇ ಹೊರಗಿನವರು ಮೂರ್ಛೆಯ ಕಡೆ ವಾಲುವುದು.

ಆದ್ದರಿಂದ ಊರಲ್ಲಿರುವವರೆಗೆ ಧಾರಾಳವಾಗಿ ಪಾಸ್ ಔಟ್ ಆಗಿ, ಯಾರಿಗೂ ಅಂಜಬೇಡಿ. ಅಮೆರಿಕದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ಮಾತ್ರ ‘ಗ್ರಾಜುಯೇಟೆಡ್’ ಎಂದು ಬರೆಯಿರಿ. ಓದುವವನಿಗೆ ತಿಳಿಯುವಂತೆ ಬರೆಯುವುದೇ ಸರಿಯಾದ ಇಂಗ್ಲಿಷ್.