ಚಿತ್ರ ತಾನೇ ಮಾತಾಡುತ್ತದೆಯೇ?

ಒಳ್ಳೆಯ ಚಿತ್ರಕ್ಕೆ ಅಡಿಬರಹವೇ ಬೇಡ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ವರದಮೂಲದ ಕೊಳದ ಫೋಟೊವನ್ನು ಅವರೊಮ್ಮೆ ಮಾತಾಡಿಸಿ ನೋಡಲಿ. ಕಲ್ಲು ಕಟ್ಟಿದ ಕೊಳ, ನೀರು, ಹಿಂದೆ ಹಸಿರು. ಮಲೆನಾಡಿನಲ್ಲಿ ಇಂಥವು ಬೇಕಾದಷ್ಟಿವೆ. ಸಾಗರದ ಬಳಿಯ ಈ ನೀರೇ ನದಿಯಾಗಿ ಬನವಾಸಿಯನ್ನು ಬಳಸಿ, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ ಎಂದು ಯಾವ ಕ್ಯಾಮೆರಾ ಹೇಳೀತು?

‘ನಿಸರ್ಗದ ಮಡಿಲಲ್ಲಿ’ ಎಂಬಂಥ ಸವಕಲು ಸಾಲುಗಳ ಮೇಲೆ ಅವರಿಗಿರುವ ಸಿಟ್ಟು ನನಗೂ ಇದೆ. ಕಂಡದ್ದನ್ನೇ ಮತ್ತೆ ಹೇಳುವ ಸಾಲು ದಂಡ. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದೇ?

ಜೋಗದ ಚಿತ್ರಕ್ಕೆ ತಿಂಗಳು, ವರ್ಷ ಹಾಕದಿದ್ದರೆ ಅದು ಅರ್ಧ ಸುಳ್ಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಅಲ್ಲಿನ ಧುಮುಕು ಮಳೆಯ ಜೊತೆಗೆ ಗೇಟಿನ ಲೆಕ್ಕವೂ ಹೌದು. ಆಗಸ್ಟಿನ ಚಿತ್ರ ನಂಬಿ ಏಪ್ರಿಲ್‌ನಲ್ಲಿ ಬಂದವರು ಬಂಡೆ ನೋಡಿಕೊಂಡು ಹೋಗುತ್ತಾರೆ.

ಇನ್ನು ಹಸೆ ಚಿತ್ತಾರ. ಅಡಿಬರಹವಿಲ್ಲದೆ ಅಚ್ಚಾದರೆ ನೋಡಿದವರು ಸಲೀಸಾಗಿ ‘ವಾರ್ಲಿ’ ಎಂದುಬಿಡುತ್ತಾರೆ. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆದ ಗೆರೆ ಅದು. ಹುರಿದು ಕರಿಮಾಡಿದ ಅಕ್ಕಿಯೇ ಕಪ್ಪು ಬಣ್ಣ. ಇಷ್ಟಕ್ಕೆ ಎರಡು ಸಾಲು ಸಾಕು. ಫೋಟೊ ತೆಗೆದವರ ಹೆಸರನ್ನು ತಪ್ಪದೆ ಹಾಕುವ ಪತ್ರಿಕೆ, ಗೋಡೆಯ ಮೇಲೆ ಬರೆದವಳ ಹೆಸರನ್ನು ಮಾತ್ರ ಚಿತ್ರವೇ ಹೇಳಲಿ ಎಂದು ಕಾಯುತ್ತಿದೆಯೇ?