ಬಯಲಿನ ಗಾಳಿಯನ್ನು ಶೋಧಿಸಬಹುದೆ?

ಕಳೆದ ಚಳಿಗಾಲದಲ್ಲಿ ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು, ದಿಲ್ಲಿಯಲ್ಲಿ ನಿಲ್ಲಿಸಿರುವ ವಾಯುಶುದ್ಧಿಯ ಗೋಪುರದ ಚಿತ್ರವನ್ನು ತೋರಿಸಿ, “ಇಂತಹುದನ್ನು ನಮ್ಮ ಊರಿನಲ್ಲಿಯೂ ಏಕೆ ಕಟ್ಟಬಾರದು, ಸಾರ್?” ಎಂದು ಕೇಳಿದನು. ಪ್ರಶ್ನೆ ನ್ಯಾಯವಾದುದೇ. ಕೋಣೆಯ ಗಾಳಿಯನ್ನು ಶುದ್ಧಗೊಳಿಸುವ ಯಂತ್ರವುಂಟು ಎಂದಮೇಲೆ, ಅದನ್ನೇ ದೊಡ್ಡದಾಗಿ ಕಟ್ಟಿ ಊರಿನ ನಡುವೆ ಇರಿಸಿದರೆ ಆಗದೆ? ಆಗದು ಎಂಬುದೇ ನನ್ನ ಅಭಿಪ್ರಾಯ. ಇದನ್ನು ಮನಗಾಣಲು ಹೈಸ್ಕೂಲಿನ ಲೆಕ್ಕವೇ ಸಾಕು.

ಮೊದಲು ಶೋಧಕಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸೋಣ. ಅದನ್ನು ಬರಿಯ ಜರಡಿಯೆಂದು ತಿಳಿಯುವುದು ತಪ್ಪು. ಅದರ ನೂಲುಗಳ ನಡುವಣ ಸಂದುಗಳು ಅನೇಕ ಕಣಗಳಿಗಿಂತ ಎಷ್ಟೋ ಅಗಲವಾಗಿರುತ್ತವೆ. ದಪ್ಪ ಕಣಗಳು ಗಾಳಿಯೊಡನೆ ಥಟ್ಟನೆ ತಿರುಗಲಾರದೆ ನೂಲಿಗೆ ಬಡಿದು ಅಂಟಿಕೊಳ್ಳುತ್ತವೆ. ಅತಿ ಸಣ್ಣ ಕಣಗಳು ಗಾಳಿಯ ಅಣುಗಳ ತಾಡನದಿಂದ ಅತ್ತಿತ್ತ ಅಲೆದಾಡುತ್ತ ತಾವಾಗಿಯೇ ನೂಲನ್ನು ಮುಟ್ಟುತ್ತವೆ. ಇವೆರಡರ ನಡುವಿನ, ಸುಮಾರು 0.3 ಮೈಕ್ರಾನ್ ಅಳತೆಯವೇ ಹಿಡಿಯಲು ಅತ್ಯಂತ ಕಷ್ಟವಾದವು. ‘ಹೆಪಾ’ ಎಂಬ ಉತ್ತಮ ಶೋಧಕವು ಅವುಗಳನ್ನೂ ನೂರಕ್ಕೆ 99.97ರಷ್ಟು ತಡೆಯುತ್ತದೆ. ಕಿಟಕಿ ಬಾಗಿಲುಗಳನ್ನು ಮುಚ್ಚಿದ 30 ಘನಮೀಟರಿನ ಕೋಣೆಯಲ್ಲಿ, ಗಂಟೆಗೆ 200 ಘನಮೀಟರು ಗಾಳಿಯನ್ನು ಸೆಳೆಯುವ ಯಂತ್ರವಿದ್ದರೆ, ಕೋಣೆ ಹಿಡಿಸುವಷ್ಟು ಗಾಳಿ 9 ನಿಮಿಷಕ್ಕೊಮ್ಮೆ ಅದರ ಮೂಲಕ ಹಾಯುತ್ತದೆ.

ಈಗ ದಿಲ್ಲಿಗೆ ಬರೋಣ. 2021ರ ಆಗಸ್ಟಿನಲ್ಲಿ ಕನ್ನಾಟ್ ಪ್ಲೇಸಿನಲ್ಲಿ ಆರಂಭವಾದ 24 ಮೀಟರು ಎತ್ತರದ ಗೋಪುರವನ್ನು ಸೆಕೆಂಡಿಗೆ 1,000 ಘನಮೀಟರು ಗಾಳಿಯನ್ನು ಶೋಧಿಸುವಂತೆ ರಚಿಸಲಾಗಿತ್ತು. ಕೇಳಲು ದೊಡ್ಡ ಸಂಖ್ಯೆಯೇ ಸರಿ! ಆದರೆ ದಿಲ್ಲಿಯ ವಿಸ್ತೀರ್ಣ ಸುಮಾರು 1,500 ಚದರ ಕಿಲೋಮೀಟರು. ಚಳಿಗಾಲದ ಕೊಳೆತುಂಬಿದ ಗಾಳಿ ನೆಲದಿಂದ 300 ಮೀಟರಿನವರೆಗೆ ಮಾತ್ರ ಇದೆಯೆಂದೇ ಇಟ್ಟುಕೊಳ್ಳಿ. ಗುಣಿಸಿದರೆ 45,000 ಕೋಟಿ ಘನಮೀಟರು ಬರುತ್ತದೆ. ಇಷ್ಟನ್ನು ಒಂದು ಸಲ ಶೋಧಿಸಲು ಗೋಪುರಕ್ಕೆ 45 ಕೋಟಿ ಸೆಕೆಂಡುಗಳು, ಎಂದರೆ 14 ವರ್ಷಗಳು ಬೇಕು. ಅಲ್ಲಿಯವರೆಗೆ ಗಾಳಿ ಕಾದು ನಿಲ್ಲುವುದೆ? ಸೆಕೆಂಡಿಗೆ 1 ಮೀಟರಿನಂತೆ ಮಂದವಾಗಿ ಬೀಸಿದರೂ, 40 ಕಿಲೋಮೀಟರು ಅಗಲದ ಊರಿನ ಗಾಳಿಯೆಲ್ಲ 11 ಗಂಟೆಗಳಲ್ಲಿ ಬದಲಾಗಿಹೋಗುತ್ತದೆ.

ಹಣ ವ್ಯರ್ಥವಾಯಿತೆಂಬುದಷ್ಟೇ ನನ್ನ ಆಕ್ಷೇಪವಲ್ಲ. ಗೋಪುರವು ಕಣ್ಣಿಗೆ ಕಾಣುತ್ತದೆ. ಏನೋ ನಡೆದಿದೆಯೆಂಬ ಸಮಾಧಾನವನ್ನು ಜನರಿಗೂ ಅಧಿಕಾರಿಗಳಿಗೂ ಕೊಡುತ್ತದೆ. ಹೊಗೆ ಹೊರಡುವ ಸ್ಥಳವನ್ನು ಅಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ.

ಆ ಸ್ಥಳದಲ್ಲಿ ವಿಜ್ಞಾನವು ಎಂದೋ ಗೆದ್ದಿದೆ. 1907ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಫ್ರೆಡರಿಕ್ ಕಾಟ್ರೆಲ್ ಎಂಬ ರಸಾಯನಶಾಸ್ತ್ರಜ್ಞರು ಕಾರ್ಖಾನೆಯ ಆಮ್ಲದ ಮಂಜನ್ನು ವಿದ್ಯುತ್ತಿನಿಂದ ಹಿಡಿದು ತೋರಿಸಿದರು. ಹೊಗೆಯ ದಾರಿಯಲ್ಲಿ ತಂತಿಗಳನ್ನು ಕಟ್ಟಿ, ಹತ್ತಾರು ಸಾವಿರ ವೋಲ್ಟುಗಳ ಒತ್ತಡವನ್ನು ಕೊಟ್ಟರೆ, ಕಣಗಳು ವಿದ್ಯುದಾವೇಶವನ್ನು ಪಡೆದು ಪಕ್ಕದ ಲೋಹದ ಹಲಗೆಗಳಿಗೆ ಸೆಳೆಯಲ್ಪಡುತ್ತವೆ. ಹಲಗೆಗಳನ್ನು ಆಗಾಗ ತಟ್ಟಿದರೆ ಬೂದಿ ಕೆಳಗೆ ಬೀಳುತ್ತದೆ. ರಾಯಚೂರಿನ ಬಳಿಯ ಶಕ್ತಿನಗರದಲ್ಲಿರುವಂತಹ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳಲ್ಲಿ ಈ ಕೆಲಸ ಮಾಡುವುದು ಇದೇ ಉಪಾಯ. ಬೂದಿ ಹೆಚ್ಚಾಗಿರುವ ನಮ್ಮ ಕಲ್ಲಿದ್ದಲಿನ ಹೊಗೆಯಲ್ಲಿ, ಶೋಧಿಸುವ ಮುನ್ನ, ಘನಮೀಟರಿಗೆ 30 ಗ್ರಾಮಿನಷ್ಟು ಬೂದಿ ಇರಬಹುದು. ದಿಲ್ಲಿಯ ಕೆಟ್ಟ ದಿನವೊಂದರಲ್ಲಿ ಬಯಲಿನ ಗಾಳಿಯಲ್ಲಿರುವ ಸೂಕ್ಷ್ಮ ಧೂಳು 300 ಮೈಕ್ರೋಗ್ರಾಂ ಎನ್ನೋಣ. ಅನುಪಾತ ಒಂದು ಲಕ್ಷ! ಬಣ್ಣವು ಬಿಂದಿಗೆಯಲ್ಲಿರುವಾಗ ಹಿಡಿಯುವುದು ಜಾಣತನವೋ, ಕೆರೆಗೆ ಸುರಿದ ಮೇಲೆ ಹುಡುಕುವುದೋ? ಈ ಉಪಾಯವು ಕಣಗಳನ್ನಷ್ಟೇ ಹಿಡಿಯುತ್ತದೆ, ಗಂಧಕದ ಡೈಆಕ್ಸೈಡಿನಂತಹ ಅನಿಲಗಳನ್ನಲ್ಲ ಎಂಬುದು ನಿಜ. ಅವುಗಳನ್ನು ಸುಣ್ಣಕಲ್ಲಿನ ಪುಡಿ ಬೆರೆಸಿದ ನೀರಿನಿಂದ ತೊಳೆಯಬೇಕು. ಅದನ್ನೂ ಹೊಗೆಕೊಳವೆಯ ಒಳಗೇ ಮಾಡಬೇಕಲ್ಲದೆ ಚೌಕದಲ್ಲಲ್ಲ.

ಇದನ್ನೆಲ್ಲ ಕೇಳಿದ ಆ ಹುಡುಗನು ಮರುದಿನ ಇನ್ನೊಂದು ಪ್ರಶ್ನೆಯೊಡನೆ ಬಂದನು: “ಪಂಜಾಬಿನ ಗದ್ದೆಗಳಲ್ಲಿ ಉರಿಯುವ ಹುಲ್ಲಿಗೆ ಹೊಗೆಕೊಳವೆಯೇ ಇಲ್ಲವಲ್ಲ, ಸಾರ್?” ಇಲ್ಲ. ಅಲ್ಲಿ ಹಿಡಿಯುವ ಮಾತೇ ಇಲ್ಲ, ಉರಿಸದಿರುವುದೊಂದೇ ದಾರಿ. ಭತ್ತದ ಕೂಳೆಯ ನಡುವೆಯೇ ಗೋಧಿಯನ್ನು ಬಿತ್ತುವ ‘ಹ್ಯಾಪಿ ಸೀಡರ್’ ಎಂಬ ಯಂತ್ರದ ಚಿತ್ರವನ್ನು ಅವನಿಗಾಗಿ ಕಪ್ಪುಹಲಗೆಯ ಮೇಲೆ ಬರೆದೆನು.