ರ‍್ಯಾಂಕ್ ಎಷ್ಟು, ಕೆಟಗರಿ ಯಾವುದು?

ಕಾಲೇಜಿಗೆ ಸೇರಿದ ಮೊದಲ ವಾರ ನಾವೆಲ್ಲ ಒಬ್ಬರನ್ನೊಬ್ಬರು ಏನೇನು ಕೇಳಿದ್ವಿ, ನೆನಪಿದೆಯಾ? ಹೆಸರೇನು, ಯಾವೂರು, ಯಾವ ಬ್ರ್ಯಾಂಚ್. ನಾಲ್ಕನೆಯದು, ಸಿಇಟಿ ರ‍್ಯಾಂಕ್ ಎಷ್ಟು. ರ‍್ಯಾಂಕ್ ಸ್ವಲ್ಪ ದೂರದ್ದು ಅನ್ನಿಸಿದರೆ ಐದನೇ ಪ್ರಶ್ನೆ ತಾನಾಗೇ ಬರುತ್ತೆ: "ಕೆಟಗರಿ ಯಾವುದು?" ಈ ಲೇಖನ ಆ ಐದನೇ ಪ್ರಶ್ನೆಯ ಬಗ್ಗೆ.

ಕಳೆದ ರಜೆಯಲ್ಲಿ ನಾವು ಹನ್ನೊಂದು ಜನ ಬಾದಾಮಿ ಕಡೆ ಟ್ರಿಪ್ ಹೋಗಿದ್ವಿ. ಟೆಂಪೋದಲ್ಲಿ ಅಮೆರಿಕದ ಮಾತು ಬಂತು. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆ ಮೇಲೆ ಪೊಲೀಸನೊಬ್ಬ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿ ಕೊಂದ ವಿಡಿಯೋವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಇದ್ದಾಗಲೇ ನೋಡಿದ್ವಿ. ಎಲ್ಲರಿಗೂ ಸಿಟ್ಟಿತ್ತು, ಎಲ್ಲರೂ ಚೆನ್ನಾಗಿ ಮಾತಾಡಿದ್ವಿ. ಆಮೇಲೆ ನಮ್ಮಲ್ಲೇ ಒಬ್ಬರು, "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಬಿಡು, ಇಲ್ಲಿರೋದು ರಿಸರ್ವೇಷನ್ ಒಂದೇ ಪ್ರಾಬ್ಲಂ" ಅಂದರು. ನಕ್ಕಿದ್ದಾಯ್ತು.

ಒಬ್ಬ ನಗಲಿಲ್ಲ. ಅವನು ಇಳಕಲ್ ಕಡೆಯವನು. ಮೊದಲ ಸೆಮಿಸ್ಟರ್‌ನಲ್ಲಿ ತನ್ನ ರ‍್ಯಾಂಕ್ ಹೇಳಿದಾಗ ನಾವು "ಓ, ಹಂಗಾ!" ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ವಿ. ಮುಂದಿನ ವಾರ ಅವನು ನಮ್ಮ ಪ್ರಾಜೆಕ್ಟ್ ಗ್ರೂಪ್ ಬಿಟ್ಟು ಬೇರೆ ಗ್ರೂಪ್ ಸೇರಿದ. ಯಾಕೆ ಅಂತ ನಾವು ಕೇಳಲೂ ಇಲ್ಲ.

ದಾರಿಯಲ್ಲಿ ಶಿವಯೋಗ ಮಂದಿರಕ್ಕೆ ಹೋಗೋಣ ಅಂದವನೂ ಅವನೇ. ಮಲಪ್ರಭೆಯ ದಂಡೆಯ ಮೇಲೆ, ಗಿಡಮರಗಳ ನಡುವೆ ಇರುವ ಜಾಗ. ಗೋಶಾಲೆ ಇದೆ, ವಿಭೂತಿ ತಯಾರಾಗುತ್ತೆ, ಪುಟ್ಟ ಪುಟ್ಟ ವಟುಗಳು ಓದುತ್ತಾರೆ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಇದನ್ನು ಕಟ್ಟಿದ್ದು, ವೀರಶೈವ ಮಠಗಳಿಗೆ ಬೇಕಾದ ಸ್ವಾಮಿಗಳನ್ನು ತಯಾರು ಮಾಡಲಿಕ್ಕೆ. ಪಂಚಾಕ್ಷರಿ ಗವಾಯಿಗಳೂ ಕುಮಾರಸ್ವಾಮಿಗಳ ಆಶ್ರಯದಲ್ಲೇ ಬೆಳೆದವರು. ಕಣ್ಣು ಕಾಣದ ಹಳ್ಳಿ ಹುಡುಗ. ಮುಂದೆ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿ, ತಮ್ಮಂಥ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಆ ಹುಡುಗನಲ್ಲಿ ಮೆರಿಟ್ ಇತ್ತಾ? ಖಂಡಿತ ಇತ್ತು. ಆದರೆ ಯಾರೂ ಕೈಹಿಡಿದು ಕರೆತಂದು, ಊಟ ಹಾಕಿ, ಗುರುವನ್ನು ಹುಡುಕಿ ಕೊಡದಿದ್ದರೆ ಆ ಮೆರಿಟ್ ಊರಲ್ಲೇ ಉಳೀತಿತ್ತು. ಮಠ ಇದ್ದ ಸಮುದಾಯಕ್ಕೆ ಮಠ ಅನ್ನ, ವಿದ್ಯೆ ಕೊಟ್ಟಿತು. ಮಠವೂ ಇಲ್ಲ, ಹೊಲವೂ ಇಲ್ಲ, ಊರ ಬಾವಿಯ ನೀರಿಗೂ ಹಕ್ಕಿಲ್ಲ ಅನ್ನೋರಿಗೆ ಯಾರು ಕೊಡಬೇಕಿತ್ತು? ಸರ್ಕಾರಿ ಹಾಸ್ಟೆಲ್, ಸ್ಕಾಲರ್‌ಶಿಪ್, ಮೀಸಲಾತಿ ಬಂದದ್ದು ಆ ಖಾಲಿ ಜಾಗಕ್ಕೆ.

ಹೊಳೆ ದಂಡೆಯಲ್ಲಿ ಕೂತಾಗ ಅವನು ಕೇಳಿದ: "ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ಇಂಗ್ಲಿಷ್ ಓದಾಕ ಬರೋರು ಎಷ್ಟ ಮಂದಿ ಅದಾರ?" ನಾವು ಲೆಕ್ಕ ಹಾಕಿದ್ವಿ. ಅಪ್ಪ, ಅಮ್ಮ, ಅಕ್ಕ, ಕೆಲವರ ಅಜ್ಜ ಕೂಡ. "ನಮ್ಮ ಮನ್ಯಾಗ ನಾನೇ ಮೊದಲು. ನಮ್ಮವ್ವ ಸೀರಿ ನೇಯ್ತಾಳ. ಮಗ್ಗಾನೂ ಸಾಹುಕಾರಂದು, ನೂಲೂ ಸಾಹುಕಾರಂದು. ಆಕಿಗೆ ಕೂಲಿ ಅಷ್ಟ. ನೀವು ನನ್ನ ರ‍್ಯಾಂಕ್ ಕೇಳಿದ್ರಿ, ಉಳಿದದ್ದು ಕೇಳ್ಲಿಲ್ಲ."

ಇಂಗ್ಲಿಷ್ ಮೀಡಿಯಂ, ಎರಡು ವರ್ಷದ ಕೋಚಿಂಗ್, ಮನೆಯಲ್ಲಿ ಓದಲಿಕ್ಕೆ ಬೇರೆ ರೂಮು. ಇದೆಲ್ಲ ನಮ್ಮ ರ‍್ಯಾಂಕ್‌ನಲ್ಲಿ ಸೇರಿದೆ ಅಂತ ನಮಗೆ ಯಾವತ್ತೂ ಅನ್ನಿಸಿರಲಿಲ್ಲ.

ಅಮೆರಿಕದಲ್ಲಿ ಇದನ್ನೇ ಲೆಕ್ಕ ಇಟ್ಟು ತೋರಿಸಿದ್ದಾರೆ. 1930ರ ದಶಕದಲ್ಲಿ ಅಲ್ಲಿನ ಸರ್ಕಾರವೇ ನಗರಗಳ ಮ್ಯಾಪ್ ಮಾಡಿಸಿತು. ಕಪ್ಪು ಜನ ಇರುವ ಬಡಾವಣೆಗಳಿಗೆ ಕೆಂಪು ಬಣ್ಣ, ಅಂದರೆ ಸಾಲ ಕೊಟ್ಟರೆ ಅಪಾಯ. ಸಾಲ ಸಿಗಲಿಲ್ಲ, ಸ್ವಂತ ಮನೆ ಆಗಲಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಏನೂ ಉಳಿಯಲಿಲ್ಲ. 1968ರಲ್ಲಿ ಈ ಭೇದವನ್ನು ಕಾನೂನು ನಿಷೇಧಿಸಿತು. ಆದರೂ 2022ರ ಫೆಡರಲ್ ರಿಸರ್ವ್ ಸಮೀಕ್ಷೆಯಲ್ಲಿ ಬಿಳಿಯರ ಕುಟುಂಬದ ಮೀಡಿಯನ್ ಆಸ್ತಿ ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು ಸುಮಾರು 45,000. ಗಣಿತದಲ್ಲಿ ಡಿಫರೆನ್ಷಿಯಲ್ ಈಕ್ವೇಷನ್ ಮಾಡುವಾಗ ಇನಿಷಿಯಲ್ ಕಂಡೀಷನ್ ಬಿಟ್ಟರೆ ಮಾರ್ಕ್ಸ್ ಹೋಗುತ್ತೆ. ಮನುಷ್ಯರ ಲೆಕ್ಕದಲ್ಲಿ ಮಾತ್ರ ಅದನ್ನು ಬಿಟ್ಟೇ ಉತ್ತರ ಬರೀತೀವಿ.

ಈ ಜಗಳ ನಮ್ಮ ನಾಡಿಗೂ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ, ದಕ್ಷತೆ ಕುಗ್ಗುತ್ತೆ ಅನ್ನೋದು ಅವರ ವಾದ. ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕುವ ಸರ್ ಎಂವಿ ಅವರೇ. ಕನ್ನಂಬಾಡಿ ಕಟ್ಟೆಯ ವಿಷಯದಲ್ಲಿ ಅವರಿಗೆ ಕೈಮುಗಿಯೋಣ, ಈ ವಿಷಯದಲ್ಲಿ ನಾವು ನಾಲ್ವಡಿಯವರ ಕಡೆ.

"ಜನರಲ್ ಕೆಟಗರಿಯಲ್ಲಿ ಬಡವರಿಲ್ವಾ?" ಅಂತ ಕೇಳ್ತೀರಿ. ಇದ್ದಾರೆ. 2019ರಲ್ಲಿ ಸಂವಿಧಾನ ತಿದ್ದುಪಡಿ ಮಾಡಿ ಅವರಿಗೂ 10% ಕೊಡಲು ಅವಕಾಶ ಮಾಡಿದ್ದಾರೆ. ಅದರ ಬಗ್ಗೆ ಮಾತ್ರ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಒಂದು ಮೆರಿಟ್ ಜೋಕ್ ಕೇಳಿಲ್ಲ. ಹಾಗಾದರೆ ನಮ್ಮ ತಕರಾರು ಸೀಟಿನ ಬಗ್ಗೆನಾ, ಜಾತಿಯ ಬಗ್ಗೆನಾ? ಎಂಎಸ್ ಮಾಡಲು ಅಮೆರಿಕಕ್ಕೆ ಹೋದರೆ ಇದೆಲ್ಲ ಮುಗೀತು ಅನ್ನೋರೂ ಇದ್ದೀರಿ. ಜಾತಿಗೆ ವೀಸಾ ಬೇಕಾಗಿಲ್ಲ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ.

ನಮ್ಮ ಕೋರಿಕೆ ಚಿಕ್ಕದು. ಈ ವರ್ಷ ಬರುವ ಜೂನಿಯರ್‌ಗಳಿಗೆ ಐದನೇ ಪ್ರಶ್ನೆ ಕೇಳಬೇಡಿ. ಕನ್ನಡ ಮೀಡಿಯಂನಿಂದ ಬಂದವರಿಗೆ ಮೊದಲ ಇಂಟರ್ನಲ್ಸ್‌ಗೆ ಮುಂಚೆ ಗಣಿತ, ಸಿ ಪ್ರೋಗ್ರಾಮಿಂಗ್ ಪಾಠಗಳನ್ನು ಕನ್ನಡದಲ್ಲಿ ಹೇಳಿಕೊಡಲು ಸಂಜೆ ಒಂದು ಗಂಟೆ ಕೂರೋಣ, ನಾವು ತಯಾರಿದ್ದೇವೆ. ಪ್ರಾಜೆಕ್ಟ್ ಗ್ರೂಪ್ ಮಾಡುವಾಗ ರ‍್ಯಾಂಕ್ ಪಟ್ಟಿ ಪಕ್ಕಕ್ಕಿಡಿ.

ಊರಿಗೆ ವಾಪಸ್ ಬರುವಾಗ ನಾವು ಅವನಿಗೆ ಸಾರಿ ಹೇಳಿದ್ವಿ, ನಮ್ಮ ಗ್ರೂಪಿಗೆ ಮತ್ತೆ ಬಾ ಅಂದ್ವಿ. "ಇರ್ಲಿ ಬಿಡ್ರಿ" ಅಂದ. "ಆದ್ರ ಈಗಿನ ನನ್ನ ಟೀಮ್ ಚಲೋ ಐತಿ." ಅವನು ಬರಲಿಲ್ಲ.